ಕಾಣದ ಕೆಲಸದ ಕೂಲಿ

ನಿಮ್ಮ ಮನೆಯಲ್ಲಿ ಹಳೆಯ ಕಾರೊಂದು ಇದ್ದರೆ ಈ ಮಾತು ನಿಮಗೆ ಬೇಗ ಅರ್ಥವಾದೀತು. ಕಾರು ಇಲ್ಲದಿದ್ದರೂ ಚಿಂತೆಯಿಲ್ಲ. ಬಡಗಿ, ಗಾರೆ ಕೆಲಸದವರು, ಪ್ಲಂಬರ್, ದರ್ಜಿ, ಇವರಲ್ಲಿ ಯಾರಾದರೊಬ್ಬರು ನಿಮಗೆ ಕೆಲಸ ಮಾಡಿಕೊಟ್ಟೇ ಇರುತ್ತಾರೆ. ಅವರ ಕೆಲಸದಲ್ಲಿ ನಮ್ಮ ಕಣ್ಣಿಗೆ ಕಾಣುವ ಭಾಗ ಒಂದು, ಕಾಣದ ಭಾಗ ಇನ್ನೊಂದು. ಆ ಕಾಣದ ಭಾಗಕ್ಕೆ ನಾವು ಸರಿಯಾದ ಕೂಲಿ ಕೊಡುತ್ತೇವೆಯೇ? ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟದ್ದು ಒಂದು ಹಳೆಯ ಕಾರಿನ ಏ.ಸಿ. ಕಂಪ್ರೆಸರ್.

ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಇದರಲ್ಲಿ ತಪ್ಪು ನನ್ನದೇ.

2018ರ ಏಪ್ರಿಲ್ ತಿಂಗಳು. ನಮ್ಮ ಕರಾವಳಿಯ ಏಪ್ರಿಲ್ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಬೆಳಗಿನ ಒಂಬತ್ತಕ್ಕೇ ಅಂಗಿ ಬೆನ್ನಿಗೆ ಅಂಟುತ್ತದೆ. ಉಸಿರಾಟದ ತೊಂದರೆಯಿದ್ದ ತಾಯಿಯನ್ನು ತಿಂಗಳಿಗೆರಡು ಬಾರಿ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಕಿಟಕಿ ತೆರೆದರೆ ದೂಳು, ಹೊಗೆ, ಮುಚ್ಚಿದರೆ ಬೇಗೆ. ಹದಿನಾಲ್ಕು ವರ್ಷ ಹಳೆಯದಾದ ನಮ್ಮ ಸಣ್ಣ ಕಾರಿನ ಏ.ಸಿ. ತಣ್ಣನೆಯ ಗಾಳಿ ಕೊಡುವುದನ್ನು ಆಗಲೇ ನಿಲ್ಲಿಸಿತು.

ಗ್ಯಾರೇಜಿನ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದರು. ಪೈಪಿನ ಒಂದು ಸಂದಿಯನ್ನು ಬೆರಳಿನಿಂದ ಸವರಿ, ಅಂಟಿದ ಜಿಡ್ಡನ್ನು ನನಗೆ ತೋರಿಸಿದರು. "ಮಾಸ್ಟ್ರೇ, ಗ್ಯಾಸ್ ಲೀಕ್ ಉಂಟು. ಗ್ಯಾಸಿನೊಟ್ಟಿಗೆ ಎಣ್ಣೆಯೂ ಹೋಗಿದೆ. ಎಲ್ಲ ಬಿಚ್ಚಿ ರಿಂಗು, ಡ್ರೈಯರ್ ಬದಲಿಸಿ, ಎಣ್ಣೆ ಅಳತೆ ನೋಡಿ ಹಾಕಬೇಕು. ಎರಡು ದಿವಸ ಗಾಡಿ ಇಲ್ಲಿ ಬಿಡಿ" ಎಂದರು.

ನಾನು ಖರ್ಚು ಕೇಳಿದೆ. ಅವರು ಹೇಳಿದರು. ನಾನು ನಕ್ಕೆ. "ಅದೆಲ್ಲ ಈಗ ಬೇಡ ಮಾರಾಯ್ರೆ, ಸದ್ಯಕ್ಕೆ ಗ್ಯಾಸ್ ಮಾತ್ರ ತುಂಬಿಸಿ ಕೊಡಿ" ಎಂದೆ. ಅವರು ಇನ್ನೊಮ್ಮೆ ಹೇಳಿ ನೋಡಿದರು, ಆಮೇಲೆ ಸುಮ್ಮನಾದರು. ಅರ್ಧ ಗಂಟೆಯಲ್ಲಿ ಕಾರು ತಣ್ಣಗಾಯಿತು. ನಾನು ಹಣ ಉಳಿಸಿದ ಸಂತೋಷದಲ್ಲಿ ಮನೆಗೆ ಬಂದೆ. ಎರಡು ವರ್ಷಗಳಲ್ಲಿ ಹೀಗೆ ಮೂರು ಸಲ ಗ್ಯಾಸ್ ತುಂಬಿಸಿದೆ. ಮೂರನೆಯ ಸಲ ತುಂಬಿಸಿದ ತಿಂಗಳೊಳಗೆ, ಪೇಟೆಯ ನಡುವೆ, ಕಿರ್ರನೆ ಸದ್ದು ಮಾಡಿ ಕಂಪ್ರೆಸರ್ ಹಿಡಿದುಬಿಟ್ಟಿತು. ಬೆಲ್ಟ್ ಸುಟ್ಟ ವಾಸನೆ ಬಂತು.

ಸಿಟ್ಟಿನಲ್ಲಿ ನಾನೇನು ಮಾಡಿದೆ ಗೊತ್ತೇ? ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಾಲ್ಕು ಜನರ ಮುಂದೆ, "ಅವರ ಗ್ಯಾರೇಜಿಗೆ ಹೋಗಬೇಡಿ, ಮೂರು ಸಲ ನನ್ನಿಂದ ಹಣ ತೆಗೆದುಕೊಂಡು ಮೋಸ ಮಾಡಿದರು" ಎಂದು ಹೇಳಿದೆ.

ಒಳಗೆ ಏನು ನಡೆಯುತ್ತದೆ?

ಕಾರನ್ನು ಇನ್ನೊಂದು ಗ್ಯಾರೇಜಿಗೆ ಎಳೆಸಿಕೊಂಡು ಹೋದೆ. ಅಲ್ಲಿಯ ಮೆಕ್ಯಾನಿಕ್ ಹಳೆಯ ಕಂಪ್ರೆಸರನ್ನು ಬಿಚ್ಚಿ, ಬೋರಲು ಹಾಕಿ, ಅದರೊಳಗಿನ ಎಣ್ಣೆಯನ್ನು ಒಂದು ಅಳತೆ ಲೋಟಕ್ಕೆ ಬಸಿದರು. ಬಂದದ್ದು ಒಂದೆರಡು ಚಮಚದಷ್ಟು. ಅದೂ ಕಪ್ಪಾಗಿ, ಅಲ್ಯೂಮಿನಿಯಮ್ ಪುಡಿಯಿಂದ ಮಿಣಮಿಣ ಹೊಳೆಯುತ್ತಿತ್ತು. "ಎಣ್ಣೆ ಯಾವಾಗ ಹಾಕಿಸಿದ್ದು ಸರ್?" ಎಂದು ಅವರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ಅವರು ವಿವರಿಸಿದ್ದನ್ನು ನಿಮಗೂ ತಿಳಿಸುತ್ತೇನೆ, ಏಕೆಂದರೆ ನಮ್ಮ ಪ್ರಶ್ನೆಯ ಬೇರು ಇಲ್ಲಿಯೇ ಇದೆ.

ಇಂಜಿನ್ನಿನ ಎಣ್ಣೆಯನ್ನು ನೋಡಲು ಒಂದು ಅಳತೆ ಕಡ್ಡಿ ಇರುತ್ತದೆ. ಕಾರಿನ ಏ.ಸಿ. ಕಂಪ್ರೆಸರಿಗೆ ಸಾಮಾನ್ಯವಾಗಿ ಅಂಥದ್ದೇನೂ ಇರುವುದಿಲ್ಲ. ಎಣ್ಣೆ ಗ್ಯಾಸಿನೊಂದಿಗೆ ಬೆರೆತು ಕೊಳವೆಗಳಲ್ಲೆಲ್ಲ ಸುತ್ತಿ ಮತ್ತೆ ಕಂಪ್ರೆಸರಿಗೆ ಬರುತ್ತದೆ. ಅನೇಕ ಸಣ್ಣ ಕಾರುಗಳಲ್ಲಿ ಅದು ಒಟ್ಟು 100 ಮಿಲಿಲೀಟರಿನ ಆಸುಪಾಸು, ಅಂದರೆ ಒಂದು ಸಣ್ಣ ಚಹಾ ಲೋಟದಷ್ಟು. ಗ್ಯಾಸ್ ಕಡಿಮೆಯಾದರೆ ಎಣ್ಣೆಯನ್ನು ಹೊತ್ತು ತರುವವರಿಲ್ಲದಂತಾಗಿ ಕಂಪ್ರೆಸರ್ ಒಣಗುತ್ತದೆ. ಸೋರಿಕೆಯಿದ್ದರೆ ಎಣ್ಣೆಯೂ ಹೊರಹೋಗುತ್ತದೆ. ಬರೀ ಗ್ಯಾಸ್ ತುಂಬಿದರೆ ತಣ್ಣನೆಯ ಗಾಳಿ ಬರುತ್ತದೆ, ಹೋದ ಎಣ್ಣೆ ಮಾತ್ರ ಹಿಂದಿರುಗುವುದಿಲ್ಲ.

ಹಾಗೆಂದು ಎಣ್ಣೆಯನ್ನು ಸುರಿದುಬಿಟ್ಟರೂ ಆಗದು. ಹೆಚ್ಚಾದ ಎಣ್ಣೆ ಕೂಲಿಂಗ್ ಕಾಯಿಲಿನ ಒಳಗೆ ಪದರವಾಗಿ ಕುಳಿತು ತಂಪನ್ನು ಕಡಿಮೆ ಮಾಡುತ್ತದೆ. ದ್ರವವನ್ನು ಗಾಳಿಯಂತೆ ಅದುಮಲು ಬರುವುದಿಲ್ಲವಾದ್ದರಿಂದ ಕಂಪ್ರೆಸರಿಗೇ ಪೆಟ್ಟು ಬೀಳಬಹುದು. ಹೊಸ ಕಂಪ್ರೆಸರ್ ಎಷ್ಟೋ ಸಲ ಇಡೀ ಏ.ಸಿ.ಗೆ ಸಾಲುವಷ್ಟು ಎಣ್ಣೆಯನ್ನು ತನ್ನೊಳಗೆ ಇಟ್ಟುಕೊಂಡೇ ಬರುತ್ತದೆ. ಆದ್ದರಿಂದ ಹಳೆಯದರಿಂದ ಬಸಿದ ಎಣ್ಣೆ ಎಷ್ಟು, ಹೊಸದರಲ್ಲಿ ಇರುವುದು ಎಷ್ಟು, ಕೊಳವೆಗಳಲ್ಲಿ ಉಳಿದಿರುವುದು ಎಷ್ಟು, ಬದಲಿಸಿದ ಕಂಡೆನ್ಸರ್ ಮತ್ತು ಡ್ರೈಯರಿಗೆ ಸೇರಿಸಬೇಕಾದ್ದು ಎಷ್ಟು ಎಂದು ಲೆಕ್ಕ ಹಾಕಿಯೇ ತುಂಬಬೇಕು.

ಎಣ್ಣೆಯ ಜಾತಿಯೂ ಮುಖ್ಯ. ಆರ್-12 ಎಂಬ ಹಳೆಯ ಗ್ಯಾಸಿಗೆ ಖನಿಜ ಎಣ್ಣೆ ಹೊಂದುತ್ತಿತ್ತು. ಅನಂತರ ಬಂದ ಆರ್-134ಎ ಗ್ಯಾಸಿನಲ್ಲಿ ಖನಿಜ ಎಣ್ಣೆ ಬೆರೆಯುವುದಿಲ್ಲ. ಅದಕ್ಕೆ ಪಿ.ಎ.ಜಿ. ಎಂಬ ಕೃತಕ ಎಣ್ಣೆ ಬೇಕು. ಅದರಲ್ಲೂ 46, 100, 150 ಎಂದು ಬೇರೆ ಬೇರೆ ದಪ್ಪದವುಗಳಿವೆ. ಕಂಪ್ರೆಸರ್ ತಯಾರಿಸಿದವರು ಹೇಳಿದ್ದನ್ನೇ ಹಾಕಬೇಕು. ಈ ಎಣ್ಣೆ ಗಾಳಿಯ ತೇವವನ್ನು ಹೀರುವ ಗುಣದ್ದು, ಮುಚ್ಚಳ ತೆರೆದಿಟ್ಟ ಬಾಟಲಿಯದು ಕೆಲಸಕ್ಕೆ ಬಾರದು.

ಹಿಡಿದುಹೋದ ಕಂಪ್ರೆಸರಿನ ಲೋಹದ ಪುಡಿ ಕೊಳವೆಗಳಲ್ಲೆಲ್ಲ ಹರಡಿರುತ್ತದೆ. ಅದನ್ನು ತೊಳೆಯದೆ ಹೊಸದನ್ನು ಕೂರಿಸಿದರೆ ಹೊಸದಕ್ಕೂ ಅದೇ ಗತಿ. ಎಲ್ಲ ಜೋಡಿಸಿದ ಮೇಲೆ ವ್ಯಾಕ್ಯೂಮ್ ಪಂಪಿನಿಂದ ಅರ್ಧ ಗಂಟೆ, ಮುಕ್ಕಾಲು ಗಂಟೆ ಒಳಗಿನ ಗಾಳಿ ಮತ್ತು ತೇವವನ್ನು ಎಳೆದು ತೆಗೆಯಬೇಕು. ಕಂಪ್ರೆಸರಿನ ಮುಂಭಾಗವನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ, ಒಳಗೆ ನಿಂತ ಎಣ್ಣೆ ಹರಡುವಂತೆ ಮಾಡಿ ಆಮೇಲೆಯೇ ಚಾಲೂ ಮಾಡಬೇಕು.

ವಾಚಕರೇ, ಈ ಕೆಲಸಗಳಲ್ಲಿ ಒಂದಾದರೂ ಕಾರಿನ ಒಡೆಯನ ಕಣ್ಣಿಗೆ ಬೀಳುತ್ತದೆಯೇ? ಬಿಲ್ಲಿನಲ್ಲಿ ಕಂಪ್ರೆಸರ್ ಕಾಣುತ್ತದೆ, ಕಂಡೆನ್ಸರ್ ಕಾಣುತ್ತದೆ. ಅಳತೆ ಲೋಟ ಹಿಡಿದು ನಿಂತ ಹತ್ತು ನಿಮಿಷದ ಶ್ರದ್ಧೆ ಕಾಣುವುದಿಲ್ಲ. ಎಣ್ಣೆ ಅಳೆದು ಹಾಕಿದ ಕಾರೂ ಅಳೆಯದ ಕಾರೂ ಮೊದಲ ದಿನ ಒಂದೇ ರೀತಿ ತಣ್ಣಗಿರುತ್ತವೆ. ವ್ಯತ್ಯಾಸ ತಿಳಿಯುವುದು ತಿಂಗಳುಗಳು ಕಳೆದ ಮೇಲೆ.

ತಪ್ಪಿನಲ್ಲಿ ಯಾರ ಪಾಲು ಎಷ್ಟು?

ಮೊದಲ ಮೆಕ್ಯಾನಿಕ್ ನನಗೆ ಸುಳ್ಳು ಹೇಳಿರಲಿಲ್ಲ. ನಿಜವನ್ನೇ ಹೇಳಿದ್ದರು. ಆ ನಿಜಕ್ಕೆ ಬೆಲೆ ಕೊಡಲು ನಾನು ಒಪ್ಪಲಿಲ್ಲ.

"ಹಾಗಾದರೆ ಅವರು ಕೆಲಸವನ್ನೇ ನಿರಾಕರಿಸಬಹುದಿತ್ತಲ್ಲ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸರಿಯಲ್ಲವೆಂದು ತಿಳಿದ ಕೆಲಸವನ್ನು ಗಿರಾಕಿ ಒತ್ತಾಯಿಸಿದನೆಂದು ಮಾಡಿದವರಿಗೂ ತಪ್ಪಿನಲ್ಲಿ ಸ್ವಲ್ಪ ಪಾಲಿದೆ. ಆದರೆ ಅವರ ಜಾಗದಲ್ಲಿ ನಿಂತು ಯೋಚಿಸಿ. ಅವರು ಇಲ್ಲ ಎಂದಿದ್ದರೆ ನಾನು ಮುಂದಿನ ಗ್ಯಾರೇಜಿಗೆ ಹೋಗುತ್ತಿದ್ದೆ. ಅಲ್ಲಿ ಅರ್ಧ ಗಂಟೆಯಲ್ಲಿ ಗ್ಯಾಸ್ ತುಂಬಿಸಿಕೊಟ್ಟವರನ್ನು "ಒಳ್ಳೆಯ ಮನುಷ್ಯ, ಸುಮ್ಮನೆ ಖರ್ಚು ಮಾಡಿಸುವುದಿಲ್ಲ" ಎಂದು ಹೊಗಳುತ್ತಿದ್ದೆ. ಶ್ರದ್ಧೆಯಿಂದ ದುಡಿಯುವವರನ್ನು ದುಬಾರಿಯವರೆಂದು ಬಿಟ್ಟು, ಮೇಲೆ ಮೇಲೆ ಮಾಡಿಕೊಡುವವರನ್ನು ಅಗ್ಗವೆಂದು ಹುಡುಕಿಕೊಂಡು ಹೋದರೆ, ಊರಿನಲ್ಲಿ ಕೊನೆಗೆ ಯಾರು ಉಳಿಯುತ್ತಾರೆ? ಕೆಲಸಗಾರರಲ್ಲಿ ಪ್ರಾಮಾಣಿಕತೆ ಸತ್ತುಹೋಯಿತು ಎಂದು ಗೊಣಗುವ ನಾವೇ ಅದಕ್ಕೆ ಅನ್ನ ಹಾಕದೆ ಕೊಂದಿರಬಹುದಲ್ಲವೇ?

ಪಾಪನಿವೇದನೆಗೆ ಹೋಗುವಾಗ ನಾವು ಮಾಡಿದ ತಪ್ಪುಗಳನ್ನು ಎಣಿಸುತ್ತೇವೆ. ಮಾಡದೆ ಬಿಟ್ಟ ಒಳಿತನ್ನು ಎಣಿಸುವುದು ಅಪರೂಪ. ಇನ್ನೊಬ್ಬರು ತಪ್ಪು ಮಾಡುವಂತೆ ನಾವು ಒಡ್ಡಿದ ಒತ್ತಡವನ್ನು ಎಣಿಸುವುದು ಇನ್ನೂ ಅಪರೂಪ.

ಗಾಳಿಗೆ ಹೋದದ್ದು ಎಲ್ಲಿಗೆ ಹೋಯಿತು?

ಇನ್ನೊಂದು ಸಂಗತಿಯಿದೆ. ಮೂರು ಸಲ ತುಂಬಿಸಿದ ಗ್ಯಾಸ್ ಎಲ್ಲಿಗೆ ಹೋಯಿತು? ಮೇಲಕ್ಕೆ, ನಮ್ಮೆಲ್ಲರ ಆಕಾಶಕ್ಕೆ.

ಇದಕ್ಕೊಂದು ಇತಿಹಾಸವಿದೆ. ಮೊದಲು ತಂಪು ಪೆಟ್ಟಿಗೆಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್ ಮುಂತಾದ ವಿಷಾನಿಲಗಳನ್ನು ಬಳಸುತ್ತಿದ್ದರು. ಸೋರಿದರೆ ಮನೆಯವರ ಪ್ರಾಣಕ್ಕೇ ಅಪಾಯ. ಅದನ್ನು ತಪ್ಪಿಸಲೆಂದೇ ಅಮೆರಿಕದ ಥಾಮಸ್ ಮಿಡ್ಜ್ಲಿ ಮತ್ತು ಸಂಗಡಿಗರು ಹೊಸ ಗ್ಯಾಸನ್ನು ಕಂಡುಹಿಡಿದರು. 1930ರಲ್ಲಿ ವಿಜ್ಞಾನಿಗಳ ಸಭೆಯಲ್ಲಿ ಮಿಡ್ಜ್ಲಿ ಅದನ್ನು ತಾವೇ ಉಸಿರೆಳೆದುಕೊಂಡು, ಬಳಿಕ ಊದಿ ಮೇಣದ ಬತ್ತಿಯನ್ನು ಆರಿಸಿ ತೋರಿಸಿದರು. ವಿಷವಿಲ್ಲ, ಬೆಂಕಿ ಹತ್ತುವುದಿಲ್ಲ! ಎಲ್ಲರೂ ಮೆಚ್ಚಿದರು. ಆರ್-12 ಆ ಕುಟುಂಬಕ್ಕೆ ಸೇರಿದ ಗ್ಯಾಸ್.

1974ರಲ್ಲಿ ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲ್ಯಾಂಡ್ ಎಂಬ ವಿಜ್ಞಾನಿಗಳು ಎಚ್ಚರಿಸಿದರು: ಈ ಗ್ಯಾಸ್ ಬಹಳ ಎತ್ತರಕ್ಕೆ ಏರಿ ಅಲ್ಲಿ ಒಡೆದು, ಸೂರ್ಯನ ಹಾನಿಕರ ಕಿರಣಗಳಿಂದ ನಮ್ಮನ್ನು ಕಾಯುವ ಓಝೋನ್ ಪದರವನ್ನು ನಾಶಮಾಡುತ್ತದೆ. 1985ರಲ್ಲಿ ಬ್ರಿಟಿಷ್ ಸಂಶೋಧಕರು ಅಂಟಾರ್ಕ್ಟಿಕದ ಮೇಲೆ ಓಝೋನ್ ಬಹಳವಾಗಿ ಕುಸಿದಿರುವುದನ್ನು ಪ್ರಕಟಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಅದಕ್ಕೆ ಸೇರಿತು. ಮೊಲಿನಾ ಮತ್ತು ರೋಲ್ಯಾಂಡ್ ಅವರಿಗೆ ಪಾಲ್ ಕ್ರುಟ್ಜನ್ ಅವರೊಂದಿಗೆ 1995ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕಾರುಗಳಲ್ಲಿ ಆರ್-12ರ ಜಾಗಕ್ಕೆ ಆರ್-134ಎ ಬಂತು.

ಆರ್-134ಎ ಓಝೋನನ್ನು ಕೆಡಿಸುವುದಿಲ್ಲ. ಆದರೆ ಭೂಮಿಯ ಬಿಸಿಯನ್ನು ಹಿಡಿದಿಡುವ ಶಕ್ತಿಯಲ್ಲಿ ಅದು, ನೂರು ವರ್ಷಗಳ ಲೆಕ್ಕದಲ್ಲಿ, ಇಂಗಾಲದ ಡೈಆಕ್ಸೈಡಿನ ಸುಮಾರು 1,400 ಪಟ್ಟು. ಸಣ್ಣ ಕಾರಿನಲ್ಲಿ ಅರ್ಧ ಕಿಲೋ ಗ್ಯಾಸ್ ಇದೆ ಎಂದುಕೊಳ್ಳೋಣ. ಅದು ಪೂರ್ತಿ ಸೋರಿಹೋದರೆ ಸುಮಾರು 300 ಲೀಟರ್ ಪೆಟ್ರೋಲ್ ಸುಟ್ಟಷ್ಟು ಹಾನಿ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿಗೆ ಅದು 4,500 ಕಿಲೋಮೀಟರಿನ ದಾರಿ, ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ಹೋಗುವುದಕ್ಕಿಂತಲೂ ಹೆಚ್ಚು. ನಾನು ಇದನ್ನು ಮೂರು ಸಲ ಮಾಡಿದ್ದೆ, ಹಣ ಉಳಿಸಿದೆನೆಂಬ ಸಂತೋಷದಿಂದ! ಈ ಜಾತಿಯ ಗ್ಯಾಸುಗಳನ್ನೂ ಹಂತಹಂತವಾಗಿ ಕಡಿಮೆ ಮಾಡಲು 2016ರಲ್ಲಿ ಕಿಗಾಲಿಯಲ್ಲಿ ರಾಷ್ಟ್ರಗಳು ಒಪ್ಪಿದವು. ಭಾರತ 2021ರಲ್ಲಿ ಅದನ್ನು ಅಂಗೀಕರಿಸಿತು.

ಮಿಡ್ಜ್ಲಿ ಅವರಿಗೆ ತಮ್ಮ ಗ್ಯಾಸ್ ಓಝೋನಿಗೆ ಏನು ಮಾಡುತ್ತದೆಂದು ತಿಳಿದಿರಲಿಲ್ಲ. ಆ ಕಾಲದಲ್ಲಿ ಯಾರಿಗೂ ತಿಳಿದಿರಲಿಲ್ಲ. ತಿಳಿಯದೆ ಮಾಡಿದ್ದಕ್ಕೂ ತಿಳಿದು ಮಾಡಿದ್ದಕ್ಕೂ ವ್ಯತ್ಯಾಸವಿದೆ. ಜಿಡ್ಡು ಅಂಟಿದ ಆ ಬೆರಳನ್ನು ನನ್ನ ಕಣ್ಣೆದುರು ಹಿಡಿದು ತೋರಿಸಿದ್ದರು. ನನಗೆ ಆ ನೆಪವಿಲ್ಲ.

ಕೆಲವು ಆಕ್ಷೇಪಗಳು

"ಇಷ್ಟು ದೊಡ್ಡ ಜಗತ್ತಿನಲ್ಲಿ ನನ್ನ ಅರ್ಧ ಕಿಲೋ ಗ್ಯಾಸ್ ಯಾವ ಲೆಕ್ಕ?" ಎಂದು ಒಬ್ಬರು ಕೇಳುತ್ತಾರೆ. ಆದರೆ ಓಝೋನ್ ಪದರ ಹಾಳಾದದ್ದು ಇಂಥ ಸಣ್ಣ ಲೆಕ್ಕಗಳು ಕೂಡಿಯೇ. ಅದು ಈಗ ಮೆಲ್ಲಮೆಲ್ಲನೆ ಸುಧಾರಿಸುತ್ತಿರುವುದೂ ಹಾಗೆಯೇ. ಈಗಿನ ನೀತಿ ಮುಂದುವರಿದರೆ ಜಗತ್ತಿನ ಬಹುಭಾಗದ ಮೇಲೆ ಓಝೋನ್ 2040ರ ಸುಮಾರಿಗೆ, ಅಂಟಾರ್ಕ್ಟಿಕದ ಮೇಲೆ 2066ರ ಸುಮಾರಿಗೆ, 1980ರ ಮಟ್ಟಕ್ಕೆ ಮರಳೀತೆಂದು ವಿಜ್ಞಾನಿಗಳ ಅಂದಾಜು.

"ಮಧ್ಯಮ ವರ್ಗದವರು ನಾವು. ಅಷ್ಟು ಖರ್ಚು ಎಲ್ಲಿಂದ ತರುವುದು?" ಎಂದು ಇನ್ನೊಬ್ಬರು ಕೇಳುತ್ತಾರೆ. ಇದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ಮಗಳ ಕಾಲೇಜಿನ ಫೀಸು, ತಾಯಿಯ ಔಷಧಿ, ಮನೆಸಾಲದ ಕಂತು ಎಲ್ಲ ಒಂದೇ ಸಂಬಳದಲ್ಲಿ ನಡೆಯಬೇಕು. ಹಣವಿಲ್ಲದಿದ್ದರೆ ಪ್ರಾಮಾಣಿಕ ದಾರಿಯೊಂದಿದೆ: ಸದ್ಯಕ್ಕೆ ಏ.ಸಿ. ರಿಪೇರಿ ಮಾಡಿಸದಿರುವುದು. ಸ್ವಿಚ್ ಹಾಕದೆ ಬಿಟ್ಟರೂ ಕಾರು ಓಡುತ್ತದೆ. ತಾಯಿಯನ್ನು ಬಿಸಿಲೇರುವ ಮೊದಲೇ ಕರೆದೊಯ್ಯಬಹುದು. ಹಣ ಕೂಡಿದ ಮೇಲೆ ಒಮ್ಮೆಗೇ ಸರಿಯಾಗಿ ಮಾಡಿಸಬಹುದು. ಅರೆಬರೆ ರಿಪೇರಿಗಿಂತ ರಿಪೇರಿ ಮಾಡಿಸದಿರುವುದೇ ಮೇಲು. ನನ್ನ ಮೂರು ಅಗ್ಗದ ರಿಪೇರಿಗಳ ಜೊತೆಗೆ ಹೊಸ ಕಂಪ್ರೆಸರ್, ಕಂಡೆನ್ಸರ್, ಡ್ರೈಯರ್ ಸೇರಿ ಕೊನೆಗೆ ಎಷ್ಟಾಯಿತೆಂದು ಹೇಳಲು ನಾಚಿಕೆಯಾಗುತ್ತದೆ.

"ಹಳೆ ಕಾರಲ್ಲವೇ, ಗ್ಯಾಸ್ ತುಂಬಿಸಿ ಮಾರಿಬಿಡಿ, ಕೊಳ್ಳುವವರಿಗೆ ತಣ್ಣಗೆ ಬಂದರೆ ಸಾಕು" ಎಂದು ನನಗೊಬ್ಬ ಮಿತ್ರರು ಸಲಹೆ ಕೊಟ್ಟರು. ಬಾಯಿಂದ ಒಂದು ಸುಳ್ಳನ್ನೂ ಆಡದೆ ಹೇಳುವ ಸುಳ್ಳು ಇದು. ಸೋರುವುದೆಂದು ನನಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಎರಡು ತಿಂಗಳ ಬಳಿಕ ಅವರ ಮನೆಯ ಅಂಗಳದಲ್ಲಿ ನನ್ನ ಮೋಸ ಬಯಲಾಗುತ್ತದೆ, ನಾನು ಅಲ್ಲಿರುವುದಿಲ್ಲ ಅಷ್ಟೆ.

2025ರಲ್ಲಿ ನಮ್ಮನ್ನಗಲಿದ ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಬರೆದ 'ಲೌದಾತೊ ಸೀ' ಎಂಬ ವಿಶ್ವಪತ್ರದಲ್ಲಿ ಹವಾನಿಯಂತ್ರಣದ ಮಾತು ಬರುತ್ತದೆ. ಹೆಚ್ಚುತ್ತಿರುವ ಅದರ ಬಳಕೆಯನ್ನು ಹಾನಿಕರ ಅಭ್ಯಾಸಗಳಿಗೆ ಉದಾಹರಣೆಯಾಗಿ ಅವರು ಹೆಸರಿಸಿದ್ದಾರೆ. ಓಝೋನ್ ರಕ್ಷಣೆಯ ಒಪ್ಪಂದವನ್ನು ಫಲ ಕೊಟ್ಟ ಪ್ರಯತ್ನಗಳ ಸಾಲಿನಲ್ಲಿ ಸೇರಿಸಿದ್ದಾರೆ. ಆದ್ದರಿಂದ ಕಾರಿನ ಏ.ಸಿ. ನಮ್ಮ ವಿಶ್ವಾಸಕ್ಕೆ ಸಂಬಂಧವಿಲ್ಲದ ವಿಷಯವೆಂದು ನಾವು ಹೇಳುವಂತಿಲ್ಲ. ಉಸಿರಿಗೆ ಒದ್ದಾಡುವ ತಾಯಿಗೆ ತಂಪು ಗಾಳಿ ಬೇಕು, ಅದು ಭೋಗವಲ್ಲ. ಸಂಜೆಯ ತಂಗಾಳಿಯಲ್ಲಿ ಒಬ್ಬನೇ ಹೋಗುವಾಗಲೂ ಅದು ಬೇಕೇ ಎಂಬ ಪ್ರಶ್ನೆಗೆ ನಾವು ನಾವೇ ಉತ್ತರಿಸಿಕೊಳ್ಳಬೇಕು.

ಹಿಂದಿರುಗಿಸಬೇಕಾದದ್ದು

ಹೊಸ ಕಂಪ್ರೆಸರ್ ಹಾಕಿಸಿದ ವಾರ ನಾನು ಮೊದಲ ಗ್ಯಾರೇಜಿಗೆ ಹೋದೆ. ಕಾಲುಗಳು ಹಿಂದೆ ಎಳೆಯುತ್ತಿದ್ದವು. "ನಿಮ್ಮ ಬಗ್ಗೆ ನಾನು ತಪ್ಪು ಮಾತಾಡಿದ್ದೇನೆ. ನೀವು ಹೇಳಿದ್ದು ಸರಿಯಾಗಿತ್ತು" ಎಂದೆ. ಅವರು ಕೈಯೊರೆಸಿಕೊಳ್ಳುತ್ತ, "ಗೊತ್ತುಂಟು ಮಾಸ್ಟ್ರೇ. ಆ ಮೇಲೆ ನಿಮ್ಮ ಕಡೆಯವರ ನಾಲ್ಕು ಗಾಡಿ ಬರಲಿಲ್ಲ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಲೆಕ್ಕ ಹೇಳುವಂತೆ ಹೇಳಿದರು. ಅದಕ್ಕೇ ಹೆಚ್ಚು ನೋವಾಯಿತು.

ಕದ್ದ ಹಣವನ್ನು ಹಿಂದಿರುಗಿಸಬೇಕೆಂದು ನಾವೆಲ್ಲ ಚಿಕ್ಕಂದಿನಲ್ಲೇ ಕಲಿತಿದ್ದೇವೆ. ಕದ್ದ ಹೆಸರನ್ನು ಹಿಂದಿರುಗಿಸುವುದು ಹೇಗೆ? ನನಗೆ ತೋಚಿದ್ದು ಒಂದೇ ದಾರಿ. ಯಾವ ಅಂಗಳದಲ್ಲಿ ಯಾರ ಮುಂದೆ ಹಾಗೆ ಹೇಳಿದ್ದೆನೋ ಅದೇ ಅಂಗಳದಲ್ಲಿ ಅವರ ಮುಂದೆಯೇ ತಪ್ಪೊಪ್ಪಿಕೊಂಡೆ. ನಾಲ್ವರಲ್ಲಿ ಇಬ್ಬರು ಮತ್ತೆ ಆ ಗ್ಯಾರೇಜಿಗೆ ಹೋಗುತ್ತಿದ್ದಾರೆ. ಉಳಿದಿಬ್ಬರು ಹೋಗುತ್ತಿಲ್ಲ. ಆಡಿದ ಮಾತನ್ನು ಪೂರ್ತಿ ಹಿಂದಕ್ಕೆ ತರಲು ನನ್ನಿಂದ ಆಗಿಲ್ಲ.

ಪ್ರಿಯ ವಾಚಕರೇ, ಮುಂದಿನ ಸಲ ಗ್ಯಾರೇಜಿನಲ್ಲಿ ನಿಂತಾಗ "ಎಷ್ಟಕ್ಕೆ ಮಾಡಿಕೊಡುತ್ತೀರಿ?" ಎಂದು ಕೇಳುವ ಮೊದಲು "ಸರಿಯಾಗಿ ಮಾಡಲು ಏನೇನು ಬೇಕು?" ಎಂದು ಕೇಳಿ. ಸೋರಿಕೆ ಎಲ್ಲಿ, ಯಾವ ಎಣ್ಣೆ, ಎಷ್ಟು ಅಳತೆ, ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಲ್ಲಿ ಹಿಡಿಯುತ್ತೀರಾ ಎಂದು ವಿಚಾರಿಸಿ. ಅದಕ್ಕೆ ತಗಲುವ ಹೊತ್ತಿಗೆ ಕೂಲಿ ಕೊಡಿ, ಚೌಕಾಸಿ ಮಾಡಬೇಡಿ. ಕೊಡಲಾಗದಿದ್ದರೆ "ಈಗ ಆಗುವುದಿಲ್ಲ, ಹಣವಾದ ಮೇಲೆ ಬರುತ್ತೇನೆ" ಎಂದು ಹೇಳಿ ಮನೆಗೆ ಬನ್ನಿ. ಅದರಲ್ಲಿ ಅವಮಾನವೇನಿಲ್ಲ.

ಅಳತೆ ಲೋಟದಲ್ಲಿ ಎಣ್ಣೆ ಸುರಿಯುವಾಗ ಆ ಕೆಲಸಗಾರರನ್ನು ಯಾರೂ ನೋಡುತ್ತಿರುವುದಿಲ್ಲ. ಆ ಹೊತ್ತಿನಲ್ಲಿ ಅವರ ಕೈ ಸರಿಯಾಗಿ ನಡೆಯುವುದು ಅವರ ಮನಸ್ಸಾಕ್ಷಿಯಿಂದ. ಆ ಮನಸ್ಸಾಕ್ಷಿಯ ಮನೆಯಲ್ಲೂ ಒಲೆ ಉರಿಯಬೇಕಲ್ಲವೇ? ಅದಕ್ಕೆ ಬೇಕಾದ ಸೌದೆಯನ್ನು ನಾವು ಕೊಡುತ್ತಿದ್ದೇವೆಯೇ, ಕಸಿದುಕೊಳ್ಳುತ್ತಿದ್ದೇವೆಯೇ? ಇಂದು ರಾತ್ರಿ ಮನೆಮಂದಿಯೆಲ್ಲ ಕೂಡಿದಾಗ ಒಮ್ಮೆ ಯೋಚಿಸಿ ನೋಡಿ.